ರಾಬರ್ಟ್‌ಸನ್ ಸ್ಮಿತ್ ವಿಚಾರಣೆ: ಬಿಡುಗಡೆಯ ನಂತರವೂ ಪದಚ್ಯುತಿ ಏಕೆ?

ಪ್ರಶ್ನೆ: ಸ್ಕಾಟ್ಲೆಂಡಿನ ಫ್ರೀ ಚರ್ಚಿನ ಪಾದ್ರಿಯೂ ಅಬರ್ಡೀನಿನಲ್ಲಿ ಹೀಬ್ರೂ ಪ್ರಾಧ್ಯಾಪಕರೂ ಆಗಿದ್ದ ವಿಲಿಯಂ ರಾಬರ್ಟ್‌ಸನ್ ಸ್ಮಿತ್ ಅವರನ್ನು, ಬೈಬಲ್ ಕುರಿತ ಬರಹದ ಮೇಲಿನ ವಿಚಾರಣೆಯಲ್ಲಿ, ಆ ಚರ್ಚಿನ ಅತ್ಯುನ್ನತ ಮಂಡಳಿಯಾದ ಮಹಾಸಭೆಯು 1880ರಲ್ಲಿ ಎಚ್ಚರಿಕೆ ನೀಡಿ ಬಿಟ್ಟಿತ್ತು. ಹಾಗಿದ್ದೂ 1881ರಲ್ಲಿ ಪ್ರಾಧ್ಯಾಪಕ ಪೀಠದಿಂದ ಇಳಿಸಿದ್ದೇಕೆ?

ಉತ್ತರ: ವಿವಾದದ ಮೂಲ, ಎನ್‌ಸೈಕ್ಲೋಪೀಡಿಯ ಬ್ರಿಟಾನಿಕದಲ್ಲಿ 1875ರಲ್ಲಿ ಪ್ರಕಟವಾದ ಅವರ ‘ಬೈಬಲ್’ ಲೇಖನ. ಸಂಪ್ರದಾಯವು ಪ್ರವಾದಿ ಮೋಶೆಯದೆಂದು ನಂಬುವ ಧರ್ಮೋಪದೇಶಕಾಂಡವು (ಬೈಬಲಿನ ಐದನೆಯ ಪುಸ್ತಕ) ಈಗಿರುವ ರೂಪದಲ್ಲಿ ಅವನ ಕಾಲದ್ದಲ್ಲ ಎಂಬ ನಿಲುವು ಅನೇಕರನ್ನು ಕೆರಳಿಸಿತು. 1880ರ ಬಿಡುಗಡೆಯಾದ ಸ್ವಲ್ಪದರಲ್ಲೇ ಅದೇ ವಿಶ್ವಕೋಶದಲ್ಲಿ ಹೀಬ್ರೂ ಭಾಷೆ, ಸಾಹಿತ್ಯ ಕುರಿತ ಅವರ ಲೇಖನ ಹೊರಬಂದದ್ದರಿಂದ ವಿರೋಧಿಗಳು ಮತ್ತೆ ಎದ್ದರು.

ಮತ್ತೊಂದು ಉತ್ತರ: ಇಲ್ಲೊಂದು ಸೂಕ್ಷ್ಮವಿದೆ. 1881ರ ನಿರ್ಣಯ ಧರ್ಮದ್ರೋಹದ ತೀರ್ಪಲ್ಲ, ಅವರಲ್ಲಿ ವಿಶ್ವಾಸ ಉಳಿದಿಲ್ಲವೆಂಬ ಘೋಷಣೆ. ಪಾದ್ರಿ ಪದವಿ ಅವರಿಗೆ ಉಳಿಯಿತು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಅನ್ಯಾಯ: ಆರೋಪಕ್ಕೆ ಪ್ರತಿವಾದ ಹೂಡಬಹುದು, ಅವಿಶ್ವಾಸಕ್ಕೆ ಹೂಡುವುದು ಹೇಗೆ?

ಮೂರನೆಯ ಉತ್ತರ: ಪೀಠ ಕಳೆದುಕೊಂಡ ಮೇಲೆ, 1883ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಅರಬ್ಬಿ ಪ್ರಾಧ್ಯಾಪಕ ಹುದ್ದೆ ಕೊಟ್ಟಿತು.