ಅಪ್ಪಯ್ಯನಿಗೆ ಪಾಚಿ ಎಣ್ಣೆ ಕ್ಯಾಪ್ಸುಲ್ ಕೊಡಬಹುದಾ?

ಪ್ರಶ್ನೆ (ಶಿರಸಿ): ಮೇಡಂ, ಅಪ್ಪಯ್ಯನಿಗೆ 61 ವರ್ಷ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 158, ಟ್ರೈಗ್ಲಿಸರೈಡ್ (ರಕ್ತದ ಇನ್ನೊಂದು ಕೊಬ್ಬು) 240 ಬಂದಿದೆ. ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದಾರೆ, ಅಪ್ಪಯ್ಯ ಬೇಡ ಅಂತಿದ್ದಾರೆ. ನಾವು ಮೀನು ತಿನ್ನುವವರಲ್ಲ. ಅದಕ್ಕೇ ಸೂಕ್ಷ್ಮಪಾಚಿಯ ಒಮೆಗಾ-3 ಕ್ಯಾಪ್ಸುಲ್ ತರಿಸಿದ್ದೇವೆ. ಕೊಲೆಸ್ಟ್ರಾಲ್ ಇಳಿಯುತ್ತದೆ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಹೆಚ್ಚುತ್ತದೆ ಅಂತ ಡಬ್ಬದ ಮೇಲಿದೆ. ನಿಜವಾ?

ಉತ್ತರ (ಆಹಾರ ತಜ್ಞೆ, ಕಾರವಾರ): ಡಬ್ಬ ಬರೆದವರು ಎರಡು ಬೇರೆ ಲೆಕ್ಕವನ್ನು ಒಂದೇ ಮಾಡಿದ್ದಾರೆ. ಪಾಚಿ ಎಣ್ಣೆಯಲ್ಲಿರುವುದು ಡಿಎಚ್‌ಎ, ಕೆಲವದರಲ್ಲಿ ಇಪಿಎ ಕೂಡ; ಎರಡೂ ಒಮೆಗಾ-3 ಕೊಬ್ಬುಗಳು. ಇವು ಇಳಿಸುವುದು ಟ್ರೈಗ್ಲಿಸರೈಡನ್ನು. ಯಕೃತ್ತು ಅದನ್ನು ತಯಾರಿಸಿ ರಕ್ತಕ್ಕೆ ಬಿಡುವುದು ಕಡಿಮೆಯಾಗುತ್ತದೆ. ಎಲ್‌ಡಿಎಲ್ ಇಳಿಯುವುದಿಲ್ಲ. ಡಿಎಚ್‌ಎಯಿಂದ ಸ್ವಲ್ಪ ಏರಿದ್ದೂ ಉಂಟು.

ಇನ್ನು ಪ್ರಮಾಣ. ಟ್ರೈಗ್ಲಿಸರೈಡ್ 20–30% ಇಳಿಯಬೇಕಾದರೆ ಈ ಒಮೆಗಾ-3 ದಿನಕ್ಕೆ 2ರಿಂದ 4 ಗ್ರಾಂ ಬೇಕು. ಅಂಗಡಿಯ ಕ್ಯಾಪ್ಸುಲ್‌ನಲ್ಲಿ ಸಾಮಾನ್ಯವಾಗಿ 200–500 ಮಿಲಿಗ್ರಾಂ ಇರುತ್ತದೆ. ಹಾಗಂತ ನೀವೇ ನಾಲ್ಕೈದು ನುಂಗಿಸಬೇಡಿ. ಜಾಸ್ತಿಯಾದರೆ ಕೆಲವರಿಗೆ ಹೃದಯದ ಬಡಿತ ಏರುಪೇರಾಗುವ ಅಪಾಯವಿದೆ.

ಅಪ್ಪಯ್ಯ ದೋಸೆಗೆ ಜೋನಿ ಬೆಲ್ಲ ಎಷ್ಟು ಹಾಕಿಕೊಳ್ಳುತ್ತಾರೆ? ಬೆಲ್ಲ ಸಕ್ಕರೆಯಲ್ಲ ಅನ್ನುವವರು ನಿಮ್ಮ ಕಡೆ ಬಹಳ. ಅದೂ ಟ್ರೈಗ್ಲಿಸರೈಡ್ ಏರಿಸುತ್ತದೆ. ಆ 240 ಇಳಿಸಲು ಮೊದಲು ಕೈ ಹಾಕಬೇಕಾದ್ದು ಅಲ್ಲಿ, ಆಮೇಲೆ ಅನ್ನದ ರಾಶಿಗೆ. ಎಲ್‌ಡಿಎಲ್‌ಗೆ ತೆಂಗಿನೆಣ್ಣೆ ಕಡಿಮೆ ಮಾಡಿ. ಅದರ ಕೊಬ್ಬಿನಲ್ಲಿ ಸುಮಾರು 90% ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವ ಜಾತಿಯದು.

ಪ್ರಶ್ನೆ (ಶಿರಸಿ): ಬ್ಯಾಕ್ಟೀರಿಯಾ ವಿಷಯ?

ಉತ್ತರ: ಪೂರ್ತಿ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 22 ಜನರಿಗೆ 8 ವಾರ ದಿನಕ್ಕೆ 4 ಗ್ರಾಂ ಇಪಿಎ-ಡಿಎಚ್‌ಎ ಕೊಟ್ಟು ನೋಡಿದರು, 2018ರಲ್ಲಿ ಪ್ರಕಟವಾಯಿತು. ಬೈಫಿಡೋಬ್ಯಾಕ್ಟೀರಿಯಂ, ರೋಸ್‌ಬುರಿಯಾದಂಥ ಒಳ್ಳೆ ಬ್ಯಾಕ್ಟೀರಿಯಾ ಹೆಚ್ಚಿದವು. ಕೊಡುವುದು ನಿಲ್ಲಿಸಿದ ಮೇಲೆ ಮೊದಲಿನಂತಾದವು. ಈ ಕೊಬ್ಬು ಬಹುಪಾಲು ಸಣ್ಣ ಕರುಳಿನಲ್ಲೇ ಹೀರಿಹೋಗುತ್ತದೆ. ಬ್ಯಾಕ್ಟೀರಿಯಾ ಜಾಸ್ತಿ ಇರುವ ದೊಡ್ಡ ಕರುಳಿಗೆ ತಲುಪುವುದು ಸ್ವಲ್ಪವೇ. ಅವುಗಳ ನಿಜವಾದ ಊಟ ನಾರು. ಅಲಸಂದೆ, ಹೆಸರುಕಾಳು ದಿನಾ ಇರಲಿ. ಇವುಗಳ ಕರಗುವ ನಾರು ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹೊಸ ಪಿತ್ತರಸ ಮಾಡಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ಡಬ್ಬದ ಎರಡೂ ಆಸೆಗೆ ಕಾಳೇ ವಾಸಿ ನೋಡಿ.

ಕಾರವಾರದ ಒಬ್ಬರು: ನಮ್ಮ ತಾರ್ಲೆ, ಬಂಗಡೆಯಲ್ಲೂ ಇದೇ ಎಣ್ಣೆ ಅಲ್ವಾ?

ಉತ್ತರ: ಅದೇ. ಮೀನಿಗೂ ಅದು ಸಿಗುವುದು ಪಾಚಿಯಿಂದಲೇ. ಸಾರು ಮಾಡಿ ತಿನ್ನಿ, ರವೆ ಹಚ್ಚಿ ಹುರಿದದ್ದು ಅಪರೂಪಕ್ಕಿರಲಿ.

ಕುಮಟಾದ ಒಬ್ಬರು: ಸ್ಪಿರುಲಿನಾ ಮಾತ್ರೆ ಆಗುವುದಿಲ್ವಾ?

ಉತ್ತರ: ಈ ಕೆಲಸಕ್ಕಲ್ಲ. ಅದರಲ್ಲಿ ಡಿಎಚ್‌ಎ, ಇಪಿಎ ಇಲ್ಲವೆನ್ನುವಷ್ಟು ಕಡಿಮೆ.

ಪ್ರಶ್ನೆ (ಶಿರಸಿ): ಹಾಗಾದರೆ ಮಾತ್ರೆ ಬಿಟ್ಟು ಇದನ್ನೇ ಕೊಡುವ ಹಾಗಿಲ್ಲ.

ಉತ್ತರ: ಇಲ್ಲ. ಮಾತ್ರೆ ಯಾಕೆ ಬೇಡ ಅನ್ನುವುದನ್ನು ಅಪ್ಪಯ್ಯನೇ ಡಾಕ್ಟರ ಹತ್ತಿರ ಬಿಚ್ಚಿ ಹೇಳಲಿ. ಸ್ಟ್ಯಾಟಿನ್ ಶುರು ಮಾಡಿದರೆ 4ರಿಂದ 12 ವಾರದೊಳಗೆ ರಕ್ತ ಮತ್ತೆ ಪರೀಕ್ಷೆ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಕ್ಯಾಪ್ಸುಲ್ ಡಬ್ಬವನ್ನೂ ಡಾಕ್ಟರಿಗೆ ತೋರಿಸಿ.