ಆನ್‌ಲೈನಲ್ಲಿ ಪಿಸ್ತೂಲು ಕೊಂಡರೆ ಕೈಗೆ ಯಾವಾಗ ಬರುತ್ತೆ? ಕ್ಯಾಲಿಫೋರ್ನಿಯಾದ ಡೀಲರ್ ಅಂಗಡಿಯಲ್ಲಿರುವ ಕನ್ನಡಿಗರ ಜತೆ ಪ್ರಶ್ನೋತ್ತರ

ಪ್ರಶ್ನೆ (ಫ್ರೀಮಾಂಟ್‌ನಿಂದ): ನಮಸ್ಕಾರ ಸರ್. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಟೆಕ್ಸಾಸ್‌ನ ಒಂದು ಅಂಗಡಿಯ ವೆಬ್‌ಸೈಟಲ್ಲಿ 9 ಎಂಎಂ ಪಿಸ್ತೂಲೊಂದನ್ನು ನೋಡಿಟ್ಟಿದ್ದೀನಿ, ದುಡ್ಡು ಕಟ್ಟೋದೊಂದೇ ಬಾಕಿ. ಎರಡು ದಿನದಲ್ಲಿ ಕಳಿಸ್ತೀವಿ ಅಂತ ಹಾಕಿದ್ದಾರೆ. ಆಸ್ಟಿನ್‌ನಲ್ಲಿರುವ ನಮ್ಮ ಭಾವ ಡೀಲರ್ ಹತ್ತಿರ ಹೋದ ದಿನವೇ ತಗೊಂಡು ಬಂದರು. ಇಲ್ಲಿ ಹತ್ತು ದಿನ ಅಂತಾರೆ. ಆ ಹತ್ತು ದಿನದ ಲೆಕ್ಕ ಯಾವತ್ತಿಂದ? ನಮ್ಮದು ವಿರಾಜಪೇಟೆ ಕಡೆ, ಮನೇಲಿ ಕೋವಿ ನೋಡಿಕೊಂಡೇ ಬೆಳೆದವನು. ಅಲ್ಲಿ ನಮಗೆ ಲೈಸೆನ್ಸೂ ಬೇಕಿರಲಿಲ್ಲ.

ಉತ್ತರ: ನಮಸ್ಕಾರ. ದುಡ್ಡು ಕಟ್ಟುವ ಮುಂಚೆ ಕೇಳಿದ್ದು ಒಳ್ಳೇದಾಯ್ತು. ಹೆಚ್ಚಿನವರು ಕಟ್ಟಿದ ಮೇಲೆ ಫೋನ್ ಮಾಡ್ತಾರೆ.

ನೀವು ಆನ್‌ಲೈನಲ್ಲಿ ದುಡ್ಡು ಕಟ್ಟಿದ ದಿನಕ್ಕೂ ಕಾಯುವ ಅವಧಿಗೂ ಸಂಬಂಧವೇ ಇಲ್ಲ. ಬೇರೆ ರಾಜ್ಯದ ಅಂಗಡಿಯವರು ಪಿಸ್ತೂಲನ್ನು ನಿಮ್ಮ ಮನೆಗೆ ಕಳಿಸುವ ಹಾಗಿಲ್ಲ. 1968ರ ಫೆಡರಲ್ ಕಾನೂನಿನ ಪ್ರಕಾರ ಅದು ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಕೈಗೇ ಬರಬೇಕು. ಅದು ಬಂದ ಮೇಲೆ ನೀವು ಖುದ್ದಾಗಿ ಅಂಗಡಿಗೆ ಬಂದು 4473 ಅನ್ನುವ ಫೆಡರಲ್ ಖರೀದಿ ಫಾರಂ ತುಂಬಿ, ನಾವು ಡಿಆರ್‌ಒಎಸ್ ಅನ್ನುವ ರಾಜ್ಯದ ಅರ್ಜಿಯನ್ನು ಕಂಪ್ಯೂಟರಲ್ಲಿ ಕಳಿಸ್ತೀವಲ್ಲ, ಆ ಗಳಿಗೆಯಿಂದ ಲೆಕ್ಕ ಶುರು. ಅದೂ ಕ್ಯಾಲೆಂಡರ್ ದಿನ ಅಲ್ಲ, ಇಪ್ಪತ್ನಾಲ್ಕು ಗಂಟೆಯ ಹತ್ತು ಪೂರ್ತಿ ಸುತ್ತು. ಶನಿವಾರ ಸಂಜೆ 4:15ಕ್ಕೆ ಅರ್ಜಿ ಹೋದರೆ ಮುಂದಿನ ವಾರ ಬಿಟ್ಟು ಅದರ ಮುಂದಿನ ಮಂಗಳವಾರ ಸಂಜೆ 4:15ರ ನಂತರವೇ. ನಾಲ್ಕು ಗಂಟೆಗೆ ಬಂದು ಬಾಗಿಲಲ್ಲಿ ನಿಂತರೂ ನಾನು ಕೊಡೋಕಾಗಲ್ಲ. ಹಾಗಂತ ತಿಂಗಳುಗಟ್ಟಲೆ ಬಿಟ್ಟು ಬರೋದೂ ಬೇಡ. ಅರ್ಜಿ ಹೋದ 30 ದಿನದೊಳಗೆ ಒಯ್ಯದಿದ್ದರೆ ಅದು ರದ್ದು. ಮತ್ತೆ ಫೀಸು, ಮತ್ತೆ ಹತ್ತು ದಿನ.

ಇನ್ನು ನೀವು ಕೇಳದೇ ಇರುವ, ಆದರೆ ಕೇಳಲೇಬೇಕಾದ ವಿಷಯ. ನೀವು ನೋಡಿಟ್ಟಿರುವ ಮಾಡೆಲ್ ಕ್ಯಾಲಿಫೋರ್ನಿಯಾದ ಅನುಮೋದಿತ ಪಟ್ಟಿಯಲ್ಲಿ ಇದೆಯಾ? ಇಲ್ಲಿ ಅದನ್ನು ರೋಸ್ಟರ್ ಅಂತೀವಿ. ಒಂದೇ ಹೆಸರಿನ ಪಿಸ್ತೂಲಿನ ಹಳೇ ಆವೃತ್ತಿ ಪಟ್ಟಿಯಲ್ಲಿದ್ದು ಹೊಸದು ಇಲ್ಲದಿರಬಹುದು. ಟೆಕ್ಸಾಸ್‌ನ ವೆಬ್‌ಸೈಟು ನಿಮ್ಮ ಕಾರ್ಡಿಂದ ದುಡ್ಡು ತಗೊಳ್ಳುತ್ತೆ, ಪೆಟ್ಟಿಗೆ ನಮ್ಮ ಅಂಗಡಿಗೂ ಬರಬಹುದು. ಆದರೆ ಪಟ್ಟಿಯಲ್ಲಿ ಇಲ್ಲ ಅಂದರೆ ನಾನದನ್ನು ವಾಪಸ್ ಕಳಿಸಬೇಕಾಗುತ್ತೆ, ಹೋಗಿಬರುವ ಖರ್ಚು ನಿಮ್ಮ ತಲೆ ಮೇಲೆ. ಮ್ಯಾಗಜೀನ್ ಹತ್ತು ಗುಂಡಿಗಿಂತ ಹೆಚ್ಚು ಹಿಡಿಯುವಂಥದ್ದಾದರೂ ಇದೇ ತೊಂದರೆ. ಜೊತೆಗೆ, ಹೊರರಾಜ್ಯದ ಅಂಗಡಿಯವರು ನಮಗೆ ಕಳಿಸುವ ಮೊದಲು ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆಯಿಂದ ಒಪ್ಪಿಗೆಯ ನಂಬರ್ ಪಡೀಬೇಕು; ಇಲ್ಲಿನ ಗಿರಾಕಿಗಳ ಅಭ್ಯಾಸವಿಲ್ಲದ ಅಂಗಡಿಯವರಿಗೆ ಅದು ಗೊತ್ತೇ ಇರಲ್ಲ. ಅದಕ್ಕೇ ಮೊದಲು ನಿಮ್ಮ ಊರಿನ ಡೀಲರ್‌ಗೆ ಫೋನ್ ಮಾಡಿ ಮಾಡೆಲ್ ನಂಬರ್ ಓದಿ ಹೇಳಿ, ಅವರ ಟ್ರಾನ್ಸ್‌ಫರ್ ಚಾರ್ಜ್ ಎಷ್ಟು ಅಂತ ಕೇಳಿ. ಅದು ಅಂಗಡಿಯಿಂದ ಅಂಗಡಿಗೆ ತುಂಬಾನೇ ಬೇರೆ ಇರುತ್ತೆ.

ಬರುವ ಮೊದಲು ಸುರಕ್ಷತಾ ಪರೀಕ್ಷೆ ಪಾಸಾಗಿರಿ. ಮೂವತ್ತು ಪ್ರಶ್ನೆ, ಇಪ್ಪತ್ಮೂರು ಸರಿ ಇರಬೇಕು, ಡೀಲರ್ ಅಂಗಡಿಯಲ್ಲೇ ಬರೀಬಹುದು. ಡ್ರೈವಿಂಗ್ ಲೈಸೆನ್ಸ್, ಗ್ರೀನ್ ಕಾರ್ಡ್, ವಿಳಾಸ ತೋರಿಸೋಕೆ ಕರೆಂಟ್ ಬಿಲ್ಲೋ ಬಾಡಿಗೆ ಕರಾರೋ ಒಂದು ತನ್ನಿ.

ಭಾವನ ಮನೆಗೆ ಹೋಗಿ ಅಲ್ಲೇ ಕೊಂಡು ಬರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಪಿಸ್ತೂಲನ್ನು ನೀವು ವಾಸವಿರುವ ರಾಜ್ಯದಲ್ಲೇ ತಗೋಬೇಕು. ಭಾವ ಪ್ರೀತಿಯಿಂದ ಉಡುಗೊರೆ ಕೊಟ್ಟರೂ ಅದು ಇಲ್ಲಿನ ಡೀಲರ್ ಮೂಲಕವೇ ಬರಬೇಕು, ಅದಕ್ಕೂ ಹತ್ತು ದಿನ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿರುವ ಲೈಸೆನ್ಸ್ ವಿನಾಯಿತಿ ನನಗೂ ಗೊತ್ತು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಇಲ್ಲಿ ಅದಕ್ಕೆ ಬೆಲೆ ಇಲ್ಲ. ಆದರೆ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಿಂದ ಬಂದವರಿಗೆ ಆಯುಧದ ಬಗ್ಗೆ ಒಂದು ಗೌರವ ಇದ್ದೇ ಇರುತ್ತೆ. ಅದು ಇಲ್ಲೂ ಬೇಕು.

ಪ್ರಶ್ನೆ (ಸ್ಯಾನ್ ಹೊಸೆಯಿಂದ): ಸರ್, ನಾನು ಎಚ್-1ಬಿ. ಗ್ರೀನ್ ಕಾರ್ಡಿನ ಕೊನೇ ಅರ್ಜಿ ಹಾಕಿ ಎರಡು ವರ್ಷ ಆಯ್ತು, ವರ್ಕ್ ಪರ್ಮಿಟ್ ಕೈಲಿದೆ. ನನ್ನ ಹೆಸರಲ್ಲಿ ಆಗದಿದ್ದರೆ ಸಿಟಿಜನ್ ಆಗಿರೋ ಗೆಳೆಯ ತಗೊಂಡು ಕೊಡ್ತೀನಿ ಅಂತಿದ್ದಾನೆ. ಅವನು ಹತ್ತು ದಿನ ಕಾದರೆ ಸಾಕಲ್ವಾ?

ಉತ್ತರ: ಬೇಡ. ದಯವಿಟ್ಟು ಬೇಡ. ಇಲ್ಲಿ ಪ್ರಶ್ನೆ ಕಾಯೋದರದ್ದೇ ಅಲ್ಲ.

ಎಚ್-1ಬಿ, ಎಚ್-4, ಎಲ್-1, ಎಫ್-1, ಇಂಥ ವೀಸಾಗಳಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳೋದೇ ಫೆಡರಲ್ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಆದರೆ ಅದನ್ನು ನಂಬಿ ಹೆಜ್ಜೆ ಇಡುವ ಮೊದಲು ವಕೀಲರನ್ನು ಕೇಳಿ. ಅರ್ಜಿ ಹಾಕಿದ ಮಾತ್ರಕ್ಕೆ, ವರ್ಕ್ ಪರ್ಮಿಟ್ ಬಂದ ಮಾತ್ರಕ್ಕೆ ನೀವು ಗ್ರೀನ್ ಕಾರ್ಡಿನವರಾಗಲಿಲ್ಲ. ಕಾರ್ಡ್ ಬರಲಿ, ಆಮೇಲೆ ನೋಡೋಣ. ಆಫೀಸಿನವರು ಟೀಮ್ ಔಟಿಂಗ್ ಅಂತ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋಗ್ತಾರೆ, ನಮ್ಮ ಹುಡುಗರು ಬಾಡಿಗೆ ಪಿಸ್ತೂಲು ಹಿಡಿದು ಫೋಟೋ ಹಾಕ್ತಾರೆ. ಆ ಫೋಟೋ ನೋಡಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ. ಕೈಯಲ್ಲಿ ಹಿಡಿದರೂ ಅದು ಹೊಂದಿದ ಹಾಗೇ.

ಗೆಳೆಯ ನಿಮಗೋಸ್ಕರ ತನ್ನ ಹೆಸರಲ್ಲಿ ಕೊಳ್ಳೋದು ಇನ್ನೂ ಕೆಟ್ಟದ್ದು. ಫಾರಂನಲ್ಲಿ ಮೊದಮೊದಲೇ ಕೇಳ್ತಾರೆ, ನಿಜವಾಗಿ ಕೊಳ್ಳುವವರು ನೀವೇನಾ ಅಂತ. ಅಲ್ಲಿ ಸುಳ್ಳು ಹೇಳಿದರೆ ಅಪರಾಧ. 2022ರ ಕಾನೂನಿನ ನಂತರ ಇಂಥ ಬೇನಾಮಿ ಖರೀದಿಗೆ 15 ವರ್ಷದವರೆಗೆ ಜೈಲು. ಅವನ ಬದುಕೂ ಹಾಳು, ನಿಮ್ಮ ಗ್ರೀನ್ ಕಾರ್ಡಿನ ದಾರಿಯೂ ಮುಚ್ಚಿಹೋಗುತ್ತೆ. ಅಷ್ಟೇ ಅಲ್ಲ, ಕಾರ್ಡ್ ಬಂದವರನ್ನೂ ಬಂದೂಕಿನ ಅಪರಾಧಕ್ಕೆ ಗಡೀಪಾರು ಮಾಡಬಹುದು.

ಪ್ರಶ್ನೆ (ಸ್ಯಾಕ್ರಮೆಂಟೊದಿಂದ): ನಮಸ್ತೆ. ನಮ್ಮ ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ್ದಾರೆ. ನಮ್ಮೆಜಮಾನರ ಹತ್ತಿರ ಆಗಲೇ ಒಂದು ಪಿಸ್ತೂಲಿದೆ, ಈಗ ನನ್ನ ಹೆಸರಲ್ಲಿ ಒಂದು ತಗೊಳ್ಳೋಣ ಅಂತ. ಕಳ್ಳರು ಹತ್ತು ದಿನ ಕಾಯ್ತಾರಾ? ಪ್ರಾಮಾಣಿಕರನ್ನು ಹೀಗೆ ಕಾಯಿಸೋದು ಯಾವ ನ್ಯಾಯ? ಕೊಳ್ಳುವವರ ಹಿನ್ನೆಲೆ ತಪಾಸಣೆ ಒಂದೇ ದಿನದಲ್ಲಿ ಮುಗಿದರೂ ಕೊಡಲ್ಲ ಅಂತೀರಂತೆ.

ಉತ್ತರ: ಮೇಡಂ, ನಿಮ್ಮ ಭಯ ಅರ್ಥವಾಗುತ್ತೆ. ಹೌದು, ತಪಾಸಣೆ ಬೇಗ ಮುಗಿದರೂ ಕೊಡಲ್ಲ. ಆಗಲೇ ಬಂದೂಕು ಇರುವವರನ್ನು ಮತ್ತೆ ಯಾಕೆ ಕಾಯಿಸಬೇಕು ಅನ್ನುವ ವಾದ ಕೋರ್ಟಿಗೂ ಹೋಗಿತ್ತು. 2014ರಲ್ಲಿ ಕೆಳಗಿನ ಕೋರ್ಟು ಒಪ್ಪಿತು, 2016ರಲ್ಲಿ ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳಲಿಲ್ಲ. ಈ ರಾಜ್ಯದಲ್ಲಿ ಕಾಯುವ ಪದ್ಧತಿ ಹೊಸದೂ ಅಲ್ಲ. 1923ರಲ್ಲಿ ಒಂದು ದಿನ ಇತ್ತು, ಆಮೇಲೆ ಮೂರು, ಐದು, 1975ರಲ್ಲಿ ಹದಿನೈದಾಯಿತು, 1997ರಿಂದ ಹತ್ತು.

ಈ ಹತ್ತು ದಿನ ಬರೀ ತಪಾಸಣೆಗೆ ಇರೋದಲ್ಲ. ಮನಸ್ಸು ತಣ್ಣಗಾಗಲಿ ಅಂತ. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆ. ಬೇರೆ ದಾರಿ ಹಿಡಿದವರಲ್ಲಿ ಬಹಳ ಮಂದಿ ಬದುಕಿ ಉಳೀತಾರೆ, ಬಂದೂಕು ಹಿಡಿದವರು ಉಳಿಯೋದು ಅಪರೂಪ. 1991ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಸ್ತೂಲು ಕೊಂಡವರನ್ನು ಹಿಂಬಾಲಿಸಿ ಒಂದು ಅಧ್ಯಯನ ಮಾಡಿದರು. ಕೊಂಡ ಮೊದಲ ವಾರದಲ್ಲಿ ಅವರಲ್ಲಿ ಬಂದೂಕಿನ ಆತ್ಮಹತ್ಯೆಯ ಪ್ರಮಾಣ ಸಾಮಾನ್ಯ ಜನರಿಗಿಂತ 57 ಪಟ್ಟು ಇತ್ತು. 2017ರಲ್ಲಿ ಬಂದ ಇನ್ನೊಂದು ಅಧ್ಯಯನ, ಕಾಯುವ ಅವಧಿ ಇರುವ ಕಡೆ ಬಂದೂಕಿನ ಕೊಲೆಗಳು ಸುಮಾರು ಶೇ. 17ರಷ್ಟು ಕಮ್ಮಿಯಾಗುತ್ತವೆ ಅಂತ ಹೇಳಿತು. ಇದು ನಿಮ್ಮ ಬಗ್ಗೆ ಅನುಮಾನ ಅಲ್ಲ ಮೇಡಂ. ಕೌಂಟರಿನ ಈ ಕಡೆ ನಿಂತವನಿಗೆ ಎದುರಿಗಿರುವವರ ಮನಸ್ಸಲ್ಲಿ ಏನಿದೆ ಅಂತ ಮುಖ ನೋಡಿ ಹೇಳೋಕೆ ಬರಲ್ಲ. ಕೆಲಸ ಹೋದವರು, ಮನೆ ಮುರಿದವರು, ಊರಿಂದ ಇಷ್ಟು ದೂರ ಒಬ್ಬರೇ ಇರುವವರು, ನಮ್ಮವರಲ್ಲೂ ಇದ್ದಾರೆ. ನಾನು ವ್ಯಾಪಾರಿ, ಮಾರಿದರೆ ನನಗೆ ಲಾಭ. ಆದರೂ ಈ ಹತ್ತು ದಿನ ಇರಲಿ ಅಂತಲೇ ಹೇಳ್ತೀನಿ. ಇದನ್ನು ಓದುವವರಲ್ಲಿ ಯಾರಿಗಾದರೂ ಆತ್ಮಹತ್ಯೆಯ ಯೋಚನೆ ಬರ್ತಿದ್ದರೆ 988 ಸಹಾಯವಾಣಿಗೆ ಫೋನ್ ಮಾಡಿ, ಹಗಲು ರಾತ್ರಿ ಎತ್ತುತ್ತಾರೆ. ನನಗೆ ಮೆಸೇಜ್ ಮಾಡಿದರೂ ಸರಿ.

ಕಳ್ಳರ ವಿಷಯಕ್ಕೆ: ಈ ಹತ್ತು ದಿನದಲ್ಲಿ ಬಾಗಿಲ ಬೀಗ, ದೀಪ, ಕ್ಯಾಮೆರಾ ನೋಡಿಕೊಳ್ಳಿ. ಮನೇಲಿ ಮಕ್ಕಳಿದ್ದರೆ ಲಾಕ್‌ಬಾಕ್ಸ್ ಮೊದಲು, ಪಿಸ್ತೂಲು ಆಮೇಲೆ.

ಪ್ರಶ್ನೆ (ಸಿಯಾಟಲ್‌ನಿಂದ): ನಮ್ಮಲ್ಲಿ ಎಷ್ಟು ದಿನ ಅಣ್ಣಾ? ತಮ್ಮ ಫ್ಲೋರಿಡಾದಲ್ಲಿದ್ದಾನೆ, ಅಲ್ಲಿಗೂ ಹೇಳಿ.

ಉತ್ತರ: ವಾಷಿಂಗ್ಟನ್‌ನಲ್ಲಿ 2024ರ ಜನವರಿಯಿಂದ ಹತ್ತು ಕೆಲಸದ ದಿನ, ಅಂದರೆ ಶನಿವಾರ ಭಾನುವಾರ ಬಿಟ್ಟು ಎರಡು ವಾರ. ಫ್ಲೋರಿಡಾದಲ್ಲಿ ವಾರಾಂತ್ಯ, ರಜೆ ಬಿಟ್ಟು ಮೂರು ದಿನ. ಇಲಿನಾಯ್‌ನಲ್ಲಿ 72 ಗಂಟೆ, ಅದಕ್ಕೂ ಮುಂಚೆ ಬಂದೂಕು ಇಟ್ಟುಕೊಳ್ಳೋಕೆ ರಾಜ್ಯ ಕೊಡುವ ಕಾರ್ಡ್ ಮಾಡಿಸಿರಬೇಕು. ಹವಾಯಿಯಲ್ಲಿ 14 ದಿನ. ಟೆಕ್ಸಾಸ್, ಅರಿಜೋನಾದಲ್ಲಿ ಕಾಯುವ ಕಾನೂನೇ ಇಲ್ಲ. ಇವು ಬದಲಾಗುತ್ತಲೇ ಇರುತ್ತವೆ, ಕೊಳ್ಳುವ ವಾರ ನಿಮ್ಮ ಡೀಲರನ್ನೇ ಕೇಳಿ.

ಪ್ರಶ್ನೆ (ಡಲ್ಲಾಸ್‌ನಿಂದ): ಟೆಕ್ಸಾಸಲ್ಲಿ ಕಾಯೋದಿಲ್ಲ ಅಂದಿರಿ. ಆದರೆ ನಿನ್ನೆ ನನ್ನ ತಪಾಸಣೆಗೆ "ಡಿಲೇ" ಅಂತ ಬಂತು, ಕೊಡಲಿಲ್ಲ. ನಾನೇನೂ ತಪ್ಪು ಮಾಡಿದವನಲ್ಲ. ಹೆಸರು ತುಂಬಾ ಮಾಮೂಲಿ, ಮುಂದೆ ಬರೀ ಇನಿಷಿಯಲ್ಲು.

ಉತ್ತರ: ಗಾಬರಿ ಬೇಡ, ನಿಮ್ಮ ಹೆಸರೇ ಕಾರಣ ಇರಬಹುದು. ಅದೇ ಹೆಸರಿನ ಇನ್ಯಾರದೋ ದಾಖಲೆ ಸಿಕ್ಕರೆ ಎಫ್‌ಬಿಐನವರು ಕೈಯಿಂದ ಹುಡುಕಿ ನೋಡ್ತಾರೆ. ಮೂರು ಕೆಲಸದ ದಿನದಲ್ಲಿ ಉತ್ತರ ಬರದಿದ್ದರೆ ಡೀಲರ್ ಕೊಡಬಹುದು ಅಂತ ಫೆಡರಲ್ ಕಾನೂನಿದೆ, ಕೊಡಲೇಬೇಕು ಅಂತಿಲ್ಲ. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೆ ಮೂರು ದಿನ ದಾಟಿದ್ದರಿಂದಲೇ. ಅದಕ್ಕೇ ಕೆಲವು ಅಂಗಡಿಯವರು ಉತ್ತರ ಬರುವ ತನಕ ಕೊಡಲ್ಲ. ಅವರ ಮೇಲೆ ಬೇಜಾರು ಮಾಡ್ಕೋಬೇಡಿ.

ಫಾರಂ ಇನ್ನೊಮ್ಮೆ ತುಂಬುವಾಗ ಹೆಸರನ್ನು ಗುರುತಿನ ಚೀಟಿಯಲ್ಲಿ ಇರುವ ಹಾಗೇ ಬರೀರಿ. ನಿಮ್ಮ ಹೆಸರಲ್ಲಿ ಬರೀ ಇನಿಷಿಯಲ್ ಇದ್ದರೆ ಅದರ ಪಕ್ಕ "ಐಒ" ಅನ್ನುವ ಇಂಗ್ಲಿಷ್ ಅಕ್ಷರ ಹಾಕಬೇಕು, ನಡುವಿನ ಹೆಸರೇ ಇಲ್ಲದಿದ್ದರೆ "ಎನ್‌ಎಂಎನ್". ನಮ್ಮ ಕಡೆಯವರು ಇದನ್ನು ಬಿಟ್ಟುಬಿಡ್ತಾರೆ. ಪ್ರತಿ ಸಲವೂ ಹೀಗೇ ಆದರೆ ಎಫ್‌ಬಿಐಗೆ ಅರ್ಜಿ ಹಾಕಿ ಯುಪಿಐಎನ್ ಅನ್ನುವ ಗುರುತಿನ ನಂಬರ್ ತಗೊಳ್ಳಿ. ಮುಂದಿನ ಸಲ ಫಾರಂನಲ್ಲಿ ಅದನ್ನು ಬರೆದರೆ ಇನ್ನೊಬ್ಬರ ದಾಖಲೆಯ ಜತೆ ನಿಮ್ಮದು ಬೆರೆಯಲ್ಲ.