ಪದ ಬೇಕು (ಅವಸರ): ಟೇಪರ್, ಟೆಂಪೋ ರನ್, ಫಾರ್ಟ್‌ಲೆಕ್ – ಮಕ್ಕಳ ಓಟದ ಬೋರ್ಡಿಗೆ

ಬೆಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಗುರುವಾರ ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು, ಅದಕ್ಕೇ ಅವಸರ.

ಭಾನುವಾರ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಮಕ್ಕಳ ಓಟ ಇಟ್ಟುಕೊಂಡಿದ್ದೇವೆ. ಮೂರನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗಿನ ಮಕ್ಕಳು. ಓಡುವ ದಾರಿಯ ಪಕ್ಕದಲ್ಲಿ ಬೋರ್ಡುಗಳನ್ನು ನಿಲ್ಲಿಸುತ್ತೇವೆ. ಒಂದೊಂದರಲ್ಲೂ ಓಟಗಾರರು ದಿನಾ ಆಡುವ ಒಂದು ಮಾತು, ಅದರ ಕೆಳಗೆ ಮಕ್ಕಳು ಊಹಿಸಿದ ಅರ್ಥ, ಆಮೇಲೆ ನಿಜವಾದ ಅರ್ಥ. ಮೊದಲ ಎರಡು ಸಾಲು ಸಿದ್ಧ ಇದೆ. ಮೂರನೆಯದಕ್ಕೆ ನಿಮ್ಮ ಸಹಾಯ ಬೇಕು.

ಊಹೆಗಳನ್ನು ಕೇಳಿ. 'ಇಂಟರ್ವಲ್' (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡೋದು) ಅಂದ್ರೆ ಪಾಪ್‌ಕಾರ್ನ್ ತಿನ್ನೋ ಟೈಮು. 'ವಾರ್ಮಪ್' ಅಂದ್ರೆ ಸ್ವೆಟರ್ ಹಾಕಿಕೊಳ್ಳೋದು. 'ಅಲ್ಟ್ರಾ' (ಮ್ಯಾರಥಾನಿಗಿಂತ ಉದ್ದದ ಓಟ) ಅಂದ್ರೆ ಉಲ್ಟಾ ಓಡೋದು. 'ಲಾಂಗ್ ರನ್' ಅಂದ್ರೆ ಸಿನಿಮಾದಲ್ಲಿ ರೌಡಿ ಲಾಂಗ್ ಹಿಡ್ಕೊಂಡು ಅಟ್ಟಿಸಿಕೊಂಡು ಬರೋದು. 'ಕೇಡೆನ್ಸ್' (ನಿಮಿಷಕ್ಕೆ ಇಡೋ ಹೆಜ್ಜೆಗಳ ಲೆಕ್ಕ) ಅಂದ್ರೆ ಕೇಡಿ ಮಾಡೋ ಡ್ಯಾನ್ಸ್. 'ಕಾರ್ಬ್ ಲೋಡಿಂಗ್' (ದೊಡ್ಡ ಓಟಕ್ಕೆ ಮೊದಲು ಅನ್ನ, ರೊಟ್ಟಿಯಂಥದ್ದನ್ನು ಜಾಸ್ತಿ ತಿನ್ನೋದು) ಅಂದ್ರೆ ಊರಿಗೆ ಹೊರಡೋವಾಗ ಕಾರಿನ ಡಿಕ್ಕಿ ತುಂಬೋದು. 'ಪಿಬಿ'ಗೆ (ಪರ್ಸನಲ್ ಬೆಸ್ಟ್, ಓಟಗಾರ ತಾನು ಓಡಿದ್ದರಲ್ಲೇ ಒಳ್ಳೆಯ ಸಮಯ) ಒಬ್ಬ ಹುಡುಗ ತುಂಬಾ ಯೋಚನೆ ಮಾಡಿ, "ನಮ್ಮಜ್ಜನಿಗೆ ಬಿಪಿ ಇದೆ. ಇದು ಅದರ ಉಲ್ಟಾ. ಅಂದ್ರೆ ಡಾಕ್ಟರ್ ಹತ್ರ ಹೋಗೋದೇ ಬೇಡ" ಅಂದ. 'ಬಿಬ್' ಕೇಳಿದಾಗ ನಾಲ್ಕನೇ ಕ್ಲಾಸಿನ ಹುಡುಗಿ ಬಾಯಲ್ಲಿ ಹೇಳಲೇ ಇಲ್ಲ. ನಂಬರ್ ಚೀಟಿಯ ಮೇಲಿನ ಎರಡು ತೂತಿಗೆ ಶೂ ಲೇಸ್ ಪೋಣಿಸಿ ಕತ್ತಿಗೆ ಕಟ್ಟಿಕೊಂಡಳು. ಗದ್ದ ಎತ್ತಿ, ಬಾಯಿ ತೆರೆದು, "ಊಟ ಮಾಡಿಸಿ" ಅಂದಳು.

ಇವಕ್ಕೆಲ್ಲ ಕನ್ನಡ ಹೇಗೋ ಹೊಂದಿಸಿದ್ದೇವೆ. ಸಿಕ್ಕದೇ ಇರೋದು ಐದು. 'ಟೇಪರ್' (ಮಕ್ಕಳ ಊಹೆ: ಟೇಪ್ ಹಿಡ್ಕೊಂಡು ಅಳತೆ ತಗೊಳ್ಳೋ ಟೈಲರ್). 'ಟೆಂಪೋ ರನ್' (ಬಿಟ್ಟು ಹೋದ ಟೆಂಪೋ ಹಿಂದೆ ಓಡೋದು). 'ಪೇಸರ್' (ಪೈಸೆ ವಸೂಲಿ ಮಾಡೋನು). 'ಹಿಟ್ಟಿಂಗ್ ದಿ ವಾಲ್' (ಗೋಡೆಗೆ ಬಾಲ್ ಹೊಡೆದು ಆಂಟಿ ಹತ್ರ ಬೈಸಿಕೊಳ್ಳೋದು). ಮತ್ತೆ 'ಫಾರ್ಟ್‌ಲೆಕ್'. ಇದನ್ನು ಕೇಳಿದ ಮೇಲೆ ಹತ್ತು ನಿಮಿಷ ಯಾರೂ ನಗು ನಿಲ್ಲಿಸಲಿಲ್ಲ. ಊಹೆ ಏನು ಅಂತ ನಿಮಗೂ ಗೊತ್ತು, ಬೋರ್ಡಿನ ಮೇಲೆ ಬರೆಯೋ ಹಾಗಿಲ್ಲ.

ಎರಡೇ ಷರತ್ತು. ಓಡುತ್ತಾ ಓದುವಷ್ಟು ಚಿಕ್ಕದಿರಬೇಕು. ಮೂರನೇ ಕ್ಲಾಸಿನ ಮಗುವಿಗೆ ಯಾರನ್ನೂ ಕೇಳದೆ ತಿಳಿಯಬೇಕು.

ಮೈಸೂರಿನಿಂದ:

ಫಾರ್ಟ್‌ಲೆಕ್ ಇಂಗ್ಲಿಷ್ ಪದವೇ ಅಲ್ಲ, ಸ್ವೀಡಿಷ್. ಉಚ್ಚಾರ 'ಫಾರ್ಟ್‌ಲೇಕ್', ದೀರ್ಘ. 'ಫಾರ್ಟ್' ಅಂದರೆ ವೇಗ, 'ಲೇಕ್' ಅಂದರೆ ಆಟ. 1930ರ ದಶಕದಲ್ಲಿ ಯೋಸ್ಟಾ ಹೋಲ್ಮೆರ್ ಎಂಬ ಸ್ವೀಡನ್ ಕೋಚ್ ಇದನ್ನು ಬಳಕೆಗೆ ತಂದರು. ಈ ಫಾರ್ಟ್‌ಗೂ ಜರ್ಮನ್ನಿನ 'ಫಾರ್ಟ್', ಅಂದರೆ ಪ್ರಯಾಣ, ಅದಕ್ಕೂ ನೆಂಟಸ್ತನ. ನಾವು ಬಸ್ಸಿನಲ್ಲಿ ಕೊಡುವ 'ಫೇರ್' ಕೂಡ ಅದೇ ಬಳಗ. ಮಕ್ಕಳಿಗೆ ನಗು ತರಿಸಿದ ಇಂಗ್ಲಿಷ್ ಪದ ಬೇರೆ ಬೇರಿನದು, ಅದು ಸಂಸ್ಕೃತದ 'ಪರ್ದತೇ' ಎಂಬ ಪದಕ್ಕೆ ಸಂಬಂಧಿ. ಎರಡನ್ನೂ ಬೆರೆಸಬಾರದು.

ಟೆಂಪೋ ವಿಷಯದಲ್ಲಿ ಮಕ್ಕಳ ಊಹೆ ನನಗೆ ಬಹಳ ಹಿಡಿಸಿತು. ಓಟದ ಟೆಂಪೋ, ಸಂಗೀತದ ಟೆಂಪೋ ಎರಡೂ ಇಟಾಲಿಯನ್ ಮೂಲಕ ಲ್ಯಾಟಿನ್ನಿನ 'ಕಾಲ' ಎಂಬ ಪದದಿಂದ ಬಂದವು. ಸಾಮಾನು ಹೊರುವ ಟೆಂಪೋ ಜರ್ಮನಿಯ ಹ್ಯಾಂಬರ್ಗಿನ ಕಂಪನಿಯೊಂದರ ವಾಹನದ ಹೆಸರು. ಜರ್ಮನ್ನಿನಲ್ಲಿ ಟೆಂಪೋ ಅಂದರೆ ವೇಗ. ನಮ್ಮಲ್ಲಿ ಬಜಾಜ್ ಟೆಂಪೋ ಕಂಪನಿ ಅದನ್ನು ತಯಾರಿಸಿತು. 2005ರಲ್ಲಿ ಆ ಕಂಪನಿ ಫೋರ್ಸ್ ಮೋಟಾರ್ಸ್ ಆಯಿತು. ಕಂಪನಿ ಹೆಸರಿನಿಂದ ಟೆಂಪೋ ಹೋಯಿತು, ನಮ್ಮ ಬಾಯಿಂದ ಹೋಗಲಿಲ್ಲ. ಅಂದರೆ ಟೆಂಪೋ ಹಿಂದೆ ಓಡಿದ ಮಗುವೂ ಅದೇ ಪದದ ಹಿಂದೆಯೇ ಓಡಿದೆ.

ಮ್ಯಾರಥಾನ್ ಅಂದರೆ ಗ್ರೀಕಿನಲ್ಲಿ ಸೋಂಪು. ಸೋಂಪು ಬೆಳೆದ ಬಯಲು ಎಂದು ಆ ಊರಿಗೆ ಹೆಸರು. ಇದನ್ನೂ ಒಂದು ಬೋರ್ಡಿಗೆ ಹಾಕಿ.

ಶಿವಮೊಗ್ಗದಿಂದ:

ಮೈಸೂರಿನವರು ಸ್ವೀಡನ್, ಜರ್ಮನಿ, ಗ್ರೀಸ್ ಸುತ್ತಿ ಬಂದರು. ಕೇಳಿದ್ದು ಕನ್ನಡ ಪದ.

ಫಾರ್ಟ್‌ಲೆಕ್: ಬಿರುಸಾಟ. ಟೇಪರ್: ಇಳಿಯೋಟ. ಪೇಸರ್: ಹೆಜ್ಜೆಗಾರ. ಟೆಂಪೋ ರನ್: ನಾಗಾಲೋಟ. ಹಿಟ್ಟಿಂಗ್ ದಿ ವಾಲ್: ಕಸುವಳಿವು.

ಇವುಗಳಲ್ಲಿ ಒಂದೂ ಸಂಸ್ಕೃತವಲ್ಲ, ಒಂದೂ ಇಂಗ್ಲಿಷಲ್ಲ. 'ವೇಗ', 'ಗತಿ' ಎಂದೆಲ್ಲ ಯಾರಾದರೂ ಸೂಚಿಸುವ ಮೊದಲೇ ಹೇಳುತ್ತಿದ್ದೇನೆ, ಅವು ನಮ್ಮವಲ್ಲ. ತಾಲೀಮು ಮಾಡಿ ಸುಸ್ತಾದ ಮಗುವಿಗೆ ಕೂಡ ಅಚ್ಚಗನ್ನಡ ಪದ ಬಾಯಿಗೆ ಬರಬೇಕು. ಚಿಕ್ಕ ವಯಸ್ಸಿನಲ್ಲಿ ಕಿವಿಗೆ ಬೀಳದಿದ್ದರೆ ಆಮೇಲೆ ಎಷ್ಟು ಜಾಸ್ತಿ ಕಲಿಸಿದರೂ ನಿಲ್ಲುವುದಿಲ್ಲ.

ಹಾಸನದಿಂದ:

ನಾನು ಹೈಸ್ಕೂಲ್ ಮಕ್ಕಳಿಗೆ ಓಟ ಕಲಿಸುವವನು. ಪದ ಕಟ್ಟುವ ಮೊದಲು ಅದು ಏನು ಅಂತ ನೋಡಿ ಸ್ವಾಮಿ.

ಟೆಂಪೋ ರನ್ ನಾಗಾಲೋಟ ಅಲ್ಲವೇ ಅಲ್ಲ. ಸುಮಾರು ಒಂದು ಗಂಟೆ ತಡೆದುಕೊಳ್ಳಬಹುದಾದ ಜೋರಿನಲ್ಲಿ, ಅದನ್ನು ಏರಿಸದೆ ಇಳಿಸದೆ, 20–30 ನಿಮಿಷ ಓಡೋದು. ಒಂದೆರಡು ಮಾತು ಆಡೋಕೆ ಆಗುತ್ತೆ, ಹರಟೆ ಹೊಡೆಯೋಕೆ ಆಗಲ್ಲ. ನಾಗಾಲೋಟದಲ್ಲಿ ಬಿಟ್ಟರೆ ಹುಡುಗರು ಐದನೇ ನಿಮಿಷಕ್ಕೆ ಸೊಂಟ ಹಿಡ್ಕೊಂಡು ನಿಲ್ತಾರೆ. ಟೇಪರ್ ಅಂದ್ರೆ ದೊಡ್ಡ ಓಟಕ್ಕೆ ಎರಡು ಮೂರು ವಾರ ಇರುವಾಗ ದಿನದ ಓಟವನ್ನು ಕಡಿಮೆ ಮಾಡ್ತಾ ಬರೋದು, ಕಾಲು ಚೇತರಿಸಿಕೊಳ್ಳಲಿ ಅಂತ. ಅದಕ್ಕೆ 'ಇಳಿಯೋಟ' ಅಂದ್ರೆ ಎಲ್ಲರೂ ಇಳಿಜಾರಿನಲ್ಲಿ ಓಡೋಕೆ ಶುರು ಮಾಡ್ತಾರೆ. 'ಹೆಜ್ಜೆಗಾರ' ಅಂದ್ರೆ ಯಕ್ಷಗಾನದವರು ಬರ್ತಾರೆ.

ಇನ್ನು ಗೋಡೆ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಓಡೋಕೆ ಕಸುವು ಕೊಡೋ ಸಕ್ಕರೆಯ ದಾಸ್ತಾನು, ಮುಗಿದಾಗ ಆಗೋದು ಅದು. ಮ್ಯಾರಥಾನಿನಲ್ಲಿ ಸಾಮಾನ್ಯವಾಗಿ 30 ಕಿ.ಮೀ. ಆಸುಪಾಸು. ಕಾಲು ನಿಮ್ಮದಲ್ಲ ಅನ್ನಿಸುತ್ತೆ, ತಲೆಯೂ ಮಂಕಾಗುತ್ತೆ. ಪಾರ್ಕಿನಲ್ಲಿ ಓಡೋ ಮೂರನೇ ಕ್ಲಾಸಿನ ಮಗುವಿಗೆ ಇದು ಆಗೋದೇ ಇಲ್ಲ. ಆ ಬೋರ್ಡ್ ಬಿಡಿ. ಅದರ ಬದಲು 'ಸ್ಟಿಚ್' ಹಾಕಿ, ಅದು ಮಕ್ಕಳಿಗೆ ದಿನಾ ಆಗುತ್ತೆ. ಊಹೆಯಂತೂ ಹೇಗೂ ಹೊಲಿಗೆ ಅಂತಲೇ ಬರುತ್ತೆ. ಕನ್ನಡದಲ್ಲಿ ಪದ ಮೊದಲಿಂದ ಇದೆ: ಪಕ್ಕೆ ಹಿಡಿಯೋದು.

ಮತ್ತೊಂದು. ದಯವಿಟ್ಟು ಈ ಓಟಕ್ಕೆ ಮ್ಯಾರಥಾನ್ ಅನ್ನಬೇಡಿ. ಪೇಪರಿನಲ್ಲಿ ದಿನ ಬೆಳಗಾದರೆ '5 ಕಿ.ಮೀ. ಮ್ಯಾರಥಾನ್'. ಮ್ಯಾರಥಾನ್ 42.195 ಕಿ.ಮೀ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ದೂರ ಅದು, 1921ರಲ್ಲಿ ಅದನ್ನೇ ಗಟ್ಟಿ ಮಾಡಿದರು. ಅದಕ್ಕಿಂತ ಕಡಿಮೆ ಇದ್ದರೆ ಅದು ಓಟ. ಓಟ ಅನ್ನೋಕೆ ನಾಚಿಕೆ ಯಾಕೆ?

ಮೈಸೂರಿನಿಂದ:

ನಾಗಾಲೋಟಕ್ಕೆ ಇನ್ನೂ ದೊಡ್ಡ ತಕರಾರು ಇದೆ. ಜನ ಅದರಲ್ಲಿ ಹಾವನ್ನು ಹುಡುಕುತ್ತಾರೆ. ಅಲ್ಲ, ಅದು ನಾಲ್ಕು ಕಾಲಿನ ಓಟ, ಕುದುರೆಯದು. ಎರಡು ಕಾಲಿನ ಮಕ್ಕಳಿಗೆ ಹೊಂದುವುದಿಲ್ಲ.

ಶಿವಮೊಗ್ಗದಿಂದ:

ಎಲ್ಲರೂ ಬಳಸುವ ಪದಕ್ಕೆ ಕಾಲು ಎಣಿಸುತ್ತಾ ಕೂತರೆ ಭಾಷೆ ಮುಂದೆ ಹೋಗುವುದಿಲ್ಲ. ಇರಲಿ. ಬಿರುಸಾಟ ಬೇಡವೆಂದರೆ 'ಓಡಾಟ' ಇದೆ. ಓಡು, ಆಟ. ಸ್ವೀಡಿಷಿನವರು ಕಟ್ಟಿದ ಹಾಗೇ ಇದೆ.

ಧಾರವಾಡದಿಂದ:

ಓಡಾಟ ಅಂದ್ರ ತಿರುಗಾಟರೀ. ಓಡಾಟದ ಖರ್ಚು, ಆಫೀಸಿಗೆ ಓಡಾಟ, ರೇಷನ್ ಕಾರ್ಡಿಗೆ ಓಡಾಟ. ಅದರಾಗ 'ಆಟ' ಎಲ್ಲಿಂದ ಬಂತು? 'ಓಡಾಡು' ಅನ್ನೋದರಿಂದ ಬಂದದ್ದು ಅದು. ಮಕ್ಕಳು ಓದಿದರೆ ಅಪ್ಪ ಬ್ಯಾಂಕಿಗೆ ಓಡಾಡೋದು ಅಂತ ತಿಳಿಯುತ್ತಾರೆ.

ಇನ್ನೊಂದು ಮಾತು. ಶಿವಮೊಗ್ಗದವರೇ, ನಿಮ್ಮ ಅಚ್ಚಗನ್ನಡದ ಪತ್ರದಲ್ಲಿ 'ತಾಲೀಮು' ಅರಬ್ಬಿ. 'ಸುಸ್ತು' ಪಾರಸಿ. 'ಜಾಸ್ತಿ' ಕೂಡ ಅಲ್ಲಿಂದಲೇ ಬಂದದ್ದು. ಮೂರೂ ನಮ್ಮ ಕನ್ನಡವೇ, ನನಗೇನೂ ತಕರಾರಿಲ್ಲ. ಅವಿಲ್ಲದೆ ನಮ್ಮ ಕಡೆ ಕುಸ್ತಿಯವರು ಒಂದು ದಿನ ಬಾಯಿ ತೆರೆಯೋಕೆ ಆಗಲ್ಲ. ನಿಮಗೆ ತಕರಾರಿದ್ದರೆ ಮೊದಲು ನಿಮ್ಮ ಪತ್ರ ತಿದ್ದಿಕೊಳ್ಳಿ.

ಶಿವಮೊಗ್ಗದಿಂದ:

ನೂರಾರು ವರ್ಷದಿಂದ ಬೆರೆತ ಪದ ಬೇರೆ, ನಿನ್ನೆ ಬಂದ ಪದ ಬೇರೆ. ಅಷ್ಟೂ ತಿಳಿಯದವರ ಜೊತೆ ಚರ್ಚೆ ಇಲ್ಲ.

ಪುತ್ತೂರಿನಿಂದ:

ಜಗಳ ಸ್ವಲ್ಪ ನಿಲ್ಲಿಸಿ ಮಾರಾಯ್ರೆ. ಓಟದ ಪದ ಹುಡುಕಲಿಕ್ಕೆ ಸ್ವೀಡನ್‌ಗೆ ಯಾಕೆ ಹೋಗಬೇಕು? ನಮ್ಮ ಕಂಬಳದಲ್ಲಿ ಬೇಕಾದಷ್ಟು ಇದೆಯಲ್ಲ. ಓಡುವ ಗದ್ದೆ 'ಕರೆ'. ಎರಡು ಸಾಲು ಪಕ್ಕಪಕ್ಕ ಇದ್ದರೆ 'ಜೋಡುಕರೆ'. ಹೊರಡುವ ಜಾಗ 'ಗಂತು', ಮುಟ್ಟುವ ಜಾಗ 'ಮಂಜೊಟ್ಟಿ'. ಕೋಣ ಗಂತಿನಿಂದ ಬಿಟ್ಟಿತು, ಮಂಜೊಟ್ಟಿ ಮುಟ್ಟಿತು ಅಂತ ಮೈಕಿನಲ್ಲಿ ಹೇಳುವುದನ್ನು ರಾತ್ರಿಯಿಡೀ ಕೇಳಿ ಬೆಳೆದವರು ನಾವು. ನೀವು 'ಸ್ಟಾರ್ಟ್', 'ಫಿನಿಶ್' ಅಂತ ಬೋರ್ಡ್ ಹಾಕುವುದಾದರೆ ಅದರ ಬದಲು ಇವನ್ನು ಹಾಕಿ ನೋಡಿ. ಮಕ್ಕಳು ಕೇಳಿಯೇ ಕೇಳ್ತಾರೆ, ಆಗ ಕೋಣದ ಓಟದ ಕಥೆ ಹೇಳಬಹುದು.

ಶಿವಮೊಗ್ಗದಿಂದ:

ಅವು ತುಳು ಪದಗಳು. ಕನ್ನಡದವಲ್ಲ.

ಪುತ್ತೂರಿನಿಂದ:

ಹೌದು, ತುಳು. ಕರ್ನಾಟಕದಲ್ಲೇ ಆಡುವ ಭಾಷೆ, ನಿಮ್ಮ ಊರಿಂದ ಘಟ್ಟ ಇಳಿದರೆ ಸಾಕು. ಅರಬ್ಬಿಯಿಂದ ತಂದ ತಾಲೀಮು ನಿಮ್ಮ ಬಾಯಲ್ಲಿ ಕೂತಿದೆ, ಪಕ್ಕದ ಮನೆಯ ಮಂಜೊಟ್ಟಿ ಕೂರುವುದಿಲ್ಲವೇ? ಇದಕ್ಕೆ ಉತ್ತರ ಬೇಕು.

ಹಾಸನದಿಂದ:

ಗುರುವಾರ ಬಂತು. ಅವರಿಗೆ ಪದ ಕೊಡಿ.

ಫಾರ್ಟ್‌ಲೆಕ್ ಮಕ್ಕಳಿಗೆ ಹೇಳಿಕೊಡೋದು ಸುಲಭ. ನಾನು ಹೇಳೋದು ಇಷ್ಟೇ: "ಆ ಲೈಟ್ ಕಂಬದ ತನಕ ಜೋರು, ಮುಂದಿನ ಕಂಬದ ತನಕ ಮೆಲ್ಲಗೆ. ಆಮೇಲೆ ನೀನೇ ಕಂಬ ಆರಿಸಿಕೋ." ಗಡಿಯಾರ ಇಲ್ಲ, ಸೀಟಿ ಇಲ್ಲ. ಮಕ್ಕಳು ಜೂಟಾಟದಲ್ಲಿ ಮಾಡೋದೂ ಇದೇ ಅಲ್ವಾ? ಹಿಡಿಯೋಕೆ ಬಂದಾಗ ಓಡು, ಬಿಟ್ಟಾಗ ಉಸಿರು ತಗೋ. ಸ್ವೀಡನ್ ಕೋಚು ಹೆಸರಿನಲ್ಲಿ 'ಆಟ' ಅಂತ ಇಟ್ಟಿದ್ದು ಸುಮ್ನೆ ಅಲ್ಲ.

ಬೆಂಗಳೂರಿನಿಂದ:

ಎಲ್ಲರಿಗೂ ಧನ್ಯವಾದ. ಮ್ಯಾಟರ್ ಕಳಿಸಿದೆ. ಕಳಿಸುವ ಮೊದಲು ಒಂದೊಂದು ಪದವನ್ನೂ ಮಕ್ಕಳ ಮುಂದೆ ಓದಿದೆ. ಅವರಿಗೆ ತಿಳಿದದ್ದು ಉಳಿಯಿತು.

ಫಾರ್ಟ್‌ಲೆಕ್‌ಗೆ 'ಓಟದಾಟ'. ಬಿರುಸಾಟ ಅಂದಾಗ "ಬಿರುಸು ಬಾಣ, ದೀಪಾವಳಿ ಪಟಾಕಿ" ಅಂದರು, ಹಾಗಾಗಿ ಅದನ್ನು ಬಿಟ್ಟೆ. ಊಹೆಯ ಸಾಲಿನಲ್ಲಿ "ಎಲ್ಲರೂ ನಕ್ಕರು!" ಅಂತ ಮಾತ್ರ ಬರೆದಿದ್ದೇವೆ. ಟೆಂಪೋ ರನ್‌ಗೆ 'ಒಂದೇ ಜೋರು'. ಟೇಪರ್‌ಗೆ 'ಓಟ ಇಳಿಸೋದು' ಅಂತ ಸುಮ್ನೆ ಇದ್ದ ಹಾಗೇ ಬರೆದೆವು. ಪೇಸರ್ 'ಜೊತೆ ಓಡೋರು' ಆದರು. ಬಾವುಟ ಹಿಡಿದು ಸರಿಯಾದ ಸಮಯಕ್ಕೆ ಕರೆದುಕೊಂಡು ಹೋಗುವವರು ಅಂತ ಚಿಕ್ಕ ಚಿತ್ರವನ್ನೂ ಹಾಕಿದ್ದೇವೆ. ಗೋಡೆಯ ಬೋರ್ಡ್ ತೆಗೆದೆವು, 'ಪಕ್ಕೆ ಹಿಡಿಯೋದು' ಸೇರಿಸಿದೆವು. 'ಸ್ಟಿಚ್'ಗೆ ಮಕ್ಕಳ ಊಹೆ: "ಓಡುವಾಗ ಪ್ಯಾಂಟ್ ಹರಿದುಹೋದರೆ ಹಾಕೋದು."

ಮ್ಯಾರಥಾನಿಗೆ ಸೋಂಪಿನ ಬಯಲು ಅಂತ ಹಾಕಿದ್ದೇವೆ. ಹೋಟೆಲಿನಲ್ಲಿ ಊಟ ಆದ ಮೇಲೆ ಕೊಡ್ತಾರಲ್ಲ ಅದಾ ಅಂತ ಒಬ್ಬಳು ಕೇಳಿದಳು. ಹೌದು, ಅದೇ.

ಶಿವಮೊಗ್ಗದ ಸರ್, ನೀವು ಅಷ್ಟು ಪದ ಕಟ್ಟಿ ಕೊಟ್ಟಿದ್ದೀರಿ. 'ಕಸುವು' ನನಗೆ ಬಹಳ ಇಷ್ಟವಾಯಿತು. ನೀರು ಕೊಡುವ ಮೇಜಿನ ಬೋರ್ಡಿನಲ್ಲಿ "ಕಸುವು ತುಂಬಿಕೊಳ್ಳಿ" ಅಂತ ಬರೆಸಿದ್ದೇನೆ. ಆದರೆ ಭಾಷೆ ಉಳಿಸುವ ಕೆಲಸ ಮಗುವನ್ನು ತಡವರಿಸುವ ಹಾಗೆ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಮಕ್ಕಳಲ್ಲಿ ಜಾಸ್ತಿ ಜನ ಶಾಲೆಯಲ್ಲಿ ಇಂಗ್ಲಿಷ್ ಓದುವವರು. ಆದರೂ ಗೊತ್ತಿಲ್ಲದ ಪದ ಕಿವಿಗೆ ಬಿದ್ದಾಗ ಅವರು ಮೊದಲು ಹುಡುಕಿದ್ದು ಲಾಂಗು, ಕೇಡಿ, ಉಲ್ಟಾ, ಪೈಸೆ. ಅವರ ಮನಸ್ಸಿನಲ್ಲಿ ಕನ್ನಡ ಮೇಲೆಯೇ ಇದೆ. ಅದು ಹೊರಗೆ ಬಂದಾಗ ನಾವು ತಿದ್ದೋಕೆ ಹೋಗಬಾರದು.

ಪುತ್ತೂರಿನ ಸರ್, ಗಂತು, ಮಂಜೊಟ್ಟಿ ಎರಡೂ ಬೋರ್ಡ್ ಆಗ್ತಿವೆ. ಸಂಜೆ ಮಕ್ಕಳನ್ನು ಕೇಳಿದೆ. ಗಂತು ಅಂದ್ರೆ "ಶೂ ಲೇಸ್ ಗಂಟು". ಮಂಜೊಟ್ಟಿ ಅಂದ್ರೆ "ಮಂಜು ಅಂಕಲ್ ಹೊಟ್ಟೆ".

ಶಿವಮೊಗ್ಗದಿಂದ:

'ಕಸುವು' ಬಂದದ್ದು ಸಂತೋಷ. ತುಳು ಬೋರ್ಡಿಗೆ ನನ್ನ ಒಪ್ಪಿಗೆ ಇಲ್ಲ.

ಪುತ್ತೂರಿನಿಂದ:

ಉತ್ತರ ಇನ್ನೂ ಬಂದಿಲ್ಲ.

ಹಾಸನದಿಂದ:

ದೊಡ್ಡ ಬ್ಯಾನರಿನಲ್ಲಿ ಏನು ಬರೆಸಿದ್ದೀರಿ?

ಬೆಂಗಳೂರಿನಿಂದ:

'ಮಕ್ಕಳ ಓಟ, 2 ಕಿ.ಮೀ.'